ಪಹಣಿಯಲ್ಲಿ ಪರದೇಶಿ ಹೆಸರು

ಅಮೆರಿಕದ ಉತ್ತರ ಡಕೋಟಾ ರಾಜ್ಯದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ 370 ಎಕರೆ ಜಮೀನನ್ನು ಚೀನಾದ ಫುಫೆಂಗ್ ಕಂಪನಿ ಕೊಂಡಾಗ ಊರಿನ ಆಡಳಿತಕ್ಕೆ ಖುಷಿಯೇ ಆಗಿತ್ತು. ಮುಸುಕಿನ ಜೋಳ ಅರೆದು ಪಶು ಆಹಾರಕ್ಕೆ ಬೆರೆಸುವ ಲೈಸಿನ್ ತೆಗೆಯುವ ಕಾರ್ಖಾನೆ, ಸುಮಾರು 70 ಕೋಟಿ ಡಾಲರ್ ಬಂಡವಾಳ, ಜೋಳ ಬೆಳೆದವರಿಗೆ ಮನೆ ಬಾಗಿಲಲ್ಲೇ ಗಿರಾಕಿ. ತಕರಾರು ಹುಟ್ಟಿದ್ದು ಅಲ್ಲಿಂದ 12 ಮೈಲಿ ದೂರದ ವಾಯುನೆಲೆಯ ವಿಚಾರಕ್ಕೆ. ವಿದೇಶಿ ಹೂಡಿಕೆಗಳನ್ನು ಜಾಲಾಡುವ ಕೇಂದ್ರ ಸಮಿತಿ, ಈ ಖರೀದಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈತೊಳೆದುಕೊಂಡಿತು. 2023ರ ಜನವರಿಯಲ್ಲಿ ವಾಯುಪಡೆಯೇ ಪತ್ರ ಬರೆದು, ಇದರಿಂದ ದೇಶದ ಭದ್ರತೆಗೆ ದೊಡ್ಡ ಅಪಾಯವಿದೆ ಎಂದಿತು. ಮುಂದಿನ ತಿಂಗಳು ನಗರಸಭೆ ಯೋಜನೆಯನ್ನು ಕೈಬಿಟ್ಟಿತು.

‘ನಮ್ಮ ಹೊಲ ವೈರಿಯ ಕೈಗೆ ಹೋಗುತ್ತಿದೆ’ ಎಂಬ ಕೂಗು ಅಲ್ಲಿ ಜೋರಾದದ್ದು ಆಗ. ಕೂಗು ಮಾತ್ರ ಹಳೆಯದು. ಒಂದೆರಡು ತಲೆಮಾರಿಗೊಮ್ಮೆ ಎದ್ದಿದೆ, ಪ್ರತಿ ಸಲವೂ ವೈರಿಯ ಮುಖ ಬೇರೆ.

ಮೊದಲ ಮುಖ ಬ್ರಿಟಿಷರದು. ಬ್ರಿಟಿಷ್ ಪ್ರಜೆಯಾಗಿದ್ದ ವಿಲಿಯಂ ಸ್ಕಲಿ ಎಂಬ ಐರಿಷ್ ಜಮೀನ್ದಾರ ಇಲಿನಾಯ್, ಕ್ಯಾನ್ಸಸ್, ನೆಬ್ರಾಸ್ಕಾಗಳಲ್ಲಿ ಎರಡು ಲಕ್ಷ ಎಕರೆಗೂ ಹೆಚ್ಚು ನೆಲ ಗುಡ್ಡೆಹಾಕಿದ್ದ. ಒಕ್ಕಲುಗಳಿಂದ ಗೇಣಿಯನ್ನೂ ವಸೂಲು ಮಾಡುತ್ತಿದ್ದ, ಜಮೀನಿನ ತೆರಿಗೆಯನ್ನೂ ಅವರ ತಲೆಗೇ ಕಟ್ಟುತ್ತಿದ್ದ. ಆ ಸಿಟ್ಟಿಗೆ 1887ರಲ್ಲಿ ಇಲಿನಾಯ್ ಇಂಥ ಖರೀದಿಗೆ ತಡೆಯೊಡ್ಡುವ ಕಾನೂನು ತಂದಿತು. ದೇಶದ ಸಂಸತ್ತೂ ಅದೇ ವರ್ಷ, ಇನ್ನೂ ರಾಜ್ಯಗಳಾಗದ ಪ್ರಾಂತ್ಯಗಳಲ್ಲಿ ಪರದೇಶಿಯರ ಭೂಖರೀದಿಗೆ ತಡೆ ಹಾಕಿತು. ಇಷ್ಟರಮಟ್ಟಿಗೆ ನ್ಯಾಯ ಒಕ್ಕಲಿನ ಕಡೆಗೇ ಇತ್ತು ಅನ್ನಬೇಕು.

1913ರಲ್ಲಿ ಕ್ಯಾಲಿಫೋರ್ನಿಯಾ ತಂದ ಕಾಯ್ದೆಯ ಬಗ್ಗೆ ಹಾಗೆ ಹೇಳಲಾಗದು. ‘ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಯರು’ ಕೃಷಿಭೂಮಿ ಕೊಳ್ಳುವಂತಿಲ್ಲ ಎಂದಿತು ಅದು. ಯಾವ ದೇಶದ ಹೆಸರನ್ನೂ ಹೇಳಲಿಲ್ಲ. ಗುರಿ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಜಪಾನಿನಿಂದ ಬಂದು ತರಕಾರಿ, ಹಣ್ಣು ಬೆಳೆಯುತ್ತಿದ್ದವರು. ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿ ರೈತರೂ ಇದೇ ಬಲೆಗೆ ಬಿದ್ದರು: ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರರಾಗಲಾರರು ಎಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಉಳುವವರು ದಾರಿ ಹುಡುಕಿದರು. ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಅಲ್ಲಿನ ಪೌರರು. ಖಾತೆ ಮಕ್ಕಳ ಹೆಸರಿಗೆ.

ಜಪಾನಿನಿಂದ ಬಂದಿದ್ದ ಕಾಜಿರೊ ಒಯಾಮಾ 1934ರಲ್ಲಿ ಸ್ಯಾನ್ ಡಿಯೆಗೊ ಬಳಿ ಆರು ಎಕರೆ ಕೊಂಡು ಆರು ವರ್ಷದ ಮಗ ಫ್ರೆಡ್‌ನ ಹೆಸರಿಗೆ ಬರೆಸಿದ. ಮೂರು ವರ್ಷದ ಮೇಲೆ ಪಕ್ಕದ ಎರಡು ಎಕರೆಯನ್ನೂ ಸೇರಿಸಿದ. ಯುದ್ಧ ಬಂತು, ಜಪಾನಿ ಮೂಲದವರನ್ನೆಲ್ಲ ಕರಾವಳಿಯಿಂದ ಎಬ್ಬಿಸಿದರು. ಈ ಸಂಸಾರ ಊರಿಗೆ ಮರಳಲಾಗದೆ ಇದ್ದ 1944ರಲ್ಲೇ ಸರ್ಕಾರ ಆ ಎಂಟು ಎಕರೆಯ ಮುಟ್ಟುಗೋಲಿಗೆ ದಾವೆ ಹೂಡಿತು. ಒಬ್ಬ ಹುಡುಗನ ಎಂಟು ಎಕರೆಯಿಂದ ದೇಶ ಕಾಯಬೇಕಿತ್ತಂತೆ! 1948ರಲ್ಲಿ ಸುಪ್ರೀಂ ಕೋರ್ಟ್ ಫ್ರೆಡ್ ಪರ ನಿಂತಿತು. 1956ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಆ ಕಾಯ್ದೆಯನ್ನು ತೆಗೆದುಹಾಕಿದರು.

ಎಪ್ಪತ್ತರ ದಶಕದಲ್ಲಿ ತೈಲದ ದುಡ್ಡು ಕಂಡು ಅರಬರ ಭಯ ಹುಟ್ಟಿತು. ಅದರ ಫಲ 1978ರ ಕಾಯ್ದೆ. ಇದು ಯಾರನ್ನೂ ತಡೆಯುವುದಿಲ್ಲ. ಕೃಷಿಭೂಮಿ ಕೊಂಡ ಪರದೇಶಿ 90 ದಿನದೊಳಗೆ ಎಫ್‌ಎಸ್‌ಎ-153 ಎಂಬ ನಮೂನೆ ತುಂಬಿ ಕೊಡಬೇಕು, ತಪ್ಪಿದರೆ ಜಮೀನಿನ ಬೆಲೆಯ ಶೇ 25ರವರೆಗೆ ದಂಡ, ಅಷ್ಟೆ. ಆ ಕಾಗದಗಳ ಲೆಕ್ಕವೇ ನೆಟ್ಟಗಿಲ್ಲ ಎಂದು 2024ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರು ಕೃಷಿ ಇಲಾಖೆಯ ಕಿವಿ ಹಿಂಡಿದರು. ನಮ್ಮ ತಾಲ್ಲೂಕು ಕಚೇರಿ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಈಗಿನ ಮುಖ ಚೀನಾದ್ದು. 2013ರಲ್ಲಿ ಶ್ವಾಂಗ್‌ಹುಯಿ ಕಂಪನಿ ಅಮೆರಿಕದ ಅತಿದೊಡ್ಡ ಹಂದಿಮಾಂಸ ಸಂಸ್ಥೆ ಸ್ಮಿತ್‌ಫೀಲ್ಡನ್ನು ಕೊಂಡಾಗ ಲಕ್ಷಕ್ಕೂ ಹೆಚ್ಚು ಎಕರೆ ಅದರ ಜೊತೆಗೇ ಹೋಯಿತು. ಪರದೇಶಿಯರಿಗೆ ಪೂರ್ತಿ ಬಾಗಿಲು ಹಾಕಿದ್ದ ಮಿಸೌರಿ ರಾಜ್ಯ ಅದೇ ವರ್ಷ ಶೇ 1ರಷ್ಟು ಕೃಷಿಭೂಮಿಯ ಮಟ್ಟಿಗೆ ಬಾಗಿಲು ತೆರೆದಿತ್ತು! ಗ್ರ್ಯಾಂಡ್ ಫೋರ್ಕ್ಸ್ ಗಲಾಟೆಯ ನಂತರ ಗಾಳಿ ತಿರುಗಿತು. 2023ರ ಅಕ್ಟೋಬರಿನಲ್ಲಿ ಆರ್ಕನ್ಸಾ ರಾಜ್ಯ, ಚೀನಾ ಒಡೆತನದ ಬೀಜ ಕಂಪನಿ ಸಿಂಜೆಂಟಾದ 160 ಎಕರೆಯನ್ನು ಮಾರಿಬಿಡಲು ಆದೇಶಿಸಿತು. 2025ರ ಜುಲೈನಲ್ಲಿ ಕೃಷಿ ಸಚಿವೆ ಬ್ರೂಕ್ ರಾಲಿನ್ಸ್, ರಕ್ಷಣಾ ಸಚಿವರನ್ನು ಪಕ್ಕದಲ್ಲಿಟ್ಟುಕೊಂಡು ‘ರಾಷ್ಟ್ರೀಯ ಕೃಷಿ ಭದ್ರತಾ ಕ್ರಿಯಾಯೋಜನೆ’ ಪ್ರಕಟಿಸಿದರು.

ಭಯ ಪೂರ್ತಿ ಹುಸಿಯಲ್ಲ. ಅಯೋವಾದ ಹೊಲಗಳಲ್ಲಿ ಹೈಬ್ರಿಡ್ ಮುಸುಕಿನ ಜೋಳದ ಮೂಲ ತಳಿಯ (ಇನ್‌ಬ್ರೆಡ್) ಬೀಜವನ್ನು ಮಣ್ಣಿನಿಂದ ಕೆದಕಿ ತೆಗೆದು ಚೀನಾಕ್ಕೆ ಸಾಗಿಸಲು ಸಂಚು ಮಾಡಿದವನಿಗೆ 2016ರಲ್ಲಿ ಮೂರು ವರ್ಷ ಜೈಲಾಯಿತು. ಆದರೆ ಬೀಜ ಕದಿಯಲು ಯಾವ ಜಮೀನೂ ಕೊಳ್ಳಬೇಕಿಲ್ಲ. ಇನ್ನು ಜಮೀನಿನ ಲೆಕ್ಕ: 2023ರ ಕೊನೆಗೆ ಅಮೆರಿಕದಲ್ಲಿ ಪರದೇಶಿಯರ ಕೈಯಲ್ಲಿದ್ದದ್ದು ಸುಮಾರು 4.5 ಕೋಟಿ ಎಕರೆ. ಮೂರನೇ ಒಂದರಷ್ಟು ಕೆನಡಾದವರದು, ಚೀನಾದ ಪಾಲು ಮೂರು ಲಕ್ಷ ಎಕರೆಯೂ ಇಲ್ಲ.

ಅಮೆರಿಕದಲ್ಲಿ ನೆಲೆಸಿ ಇದನ್ನು ಓದುತ್ತಿರುವ ಕನ್ನಡಿಗರಿಗೆ ಕೊನೆಗೊಂದು ಮಾತು. ಕರ್ನಾಟಕ ತನ್ನ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದಿತು. ಅದು ನಿಮಗೆ ಅನ್ವಯಿಸದು. ಕೇಂದ್ರದ ವಿದೇಶಿ ವಿನಿಮಯ ನಿಯಮದಡಿ, ಅನಿವಾಸಿ ಭಾರತೀಯರಾಗಲಿ ಒಸಿಐ ಕಾರ್ಡಿನವರಾಗಲಿ ಇಲ್ಲಿ ಒಂದು ಗುಂಟೆ ಕೃಷಿಭೂಮಿಯನ್ನೂ ಕ್ರಯಕ್ಕೆ ಪಡೆಯುವಂತಿಲ್ಲ. ವಾರಸುದಾರಿಕೆಯಿಂದ ಬಂದದ್ದನ್ನು, ಇಲ್ಲವೇ ಭಾರತದಲ್ಲಿ ನೆಲೆಸಿದ್ದಾಗಲೇ ಕೊಂಡದ್ದನ್ನು ಮಾತ್ರ ಇಟ್ಟುಕೊಳ್ಳಬಹುದು.