ಆಟದ ಒಲವು ಮತ್ತು ಲಿಂಗಭೇದ

ಪ್ರಾಥಮಿಕ ಶಾಲೆಯ ವ್ಯಾಯಾಮ ಶಿಕ್ಷಣದಲ್ಲಿ ಹುಡುಗರಿಗೆ ಚೆಂಡಾಟಗಳನ್ನೂ ಹುಡುಗಿಯರಿಗೆ ಹಗ್ಗದಾಟ, ಹಾಡಿನಾಟಗಳನ್ನೂ ಬೇರೆಬೇರೆಯಾಗಿ ಗೊತ್ತುಮಾಡುವ ವಾಡಿಕೆ ಅನೇಕ ದೇಶಗಳಲ್ಲಿ ಬಹುಕಾಲದಿಂದ ಬಂದಿದೆ. ಮಕ್ಕಳ ಒಲವೇ ಹಾಗಿರುವುದೆಂದು ಇದಕ್ಕೆ ಸಮಾಧಾನ ಹೇಳುವುದುಂಟು. ಆ ಒಲವು ಹುಟ್ಟಿನಿಂದ ಬಂದುದೋ ಬಳಕೆಯಿಂದ ಬೆಳೆದುದೋ ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಈ ವಿಷಯದಲ್ಲಿ ಅಮೆರಿಕದ ಒಂದು ಅಧ್ಯಯನ ಗಮನಾರ್ಹವಾದುದು. ಬ್ರಯನ್ ಸಟನ್-ಸ್ಮಿತ್ ಮತ್ತು ಬಿ. ಜಿ. ರೋಸೆನ್‌ಬರ್ಗ್ ಎಂಬ ವಿದ್ವಾಂಸರು, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಆ ದೇಶದಲ್ಲಿ ನಡೆದಿದ್ದ ಸಮೀಕ್ಷೆಗಳನ್ನು ತಮ್ಮ ಕಾಲದ ಮಕ್ಕಳ ಉತ್ತರಗಳೊಡನೆ ಹೋಲಿಸಿ, 60 ವರ್ಷಗಳಲ್ಲಿ ಆಟದ ಒಲವು ಮಾರ್ಪಟ್ಟ ಬಗೆಯನ್ನು 1961ರಲ್ಲಿ ಪ್ರಕಟಿಸಿದರು. ಹುಡುಗಿಯರ ಒಲವು ಕ್ರಮೇಣ ಹುಡುಗರ ಒಲವಿಗೆ ಸಮೀಪವಾಗುತ್ತ ಬಂದಿತ್ತು. ಹುಡುಗರ ಆಯ್ಕೆಯಾದರೋ ಸಂಕುಚಿತವಾಗಿತ್ತು. ಹುಡುಗಿಯರದೆಂದು ಹೆಸರಾದ ಆಟಗಳಿಂದ ಅವರು ದೂರ ಸರಿದಿದ್ದರು. ಎರಡು ತಲೆಮಾರುಗಳಲ್ಲಿ ಮಕ್ಕಳ ದೇಹಪ್ರಕೃತಿ ಬದಲಾಗಲಾರದು. ಬದಲಾದುದು ಸಮಾಜದ ನಿರೀಕ್ಷೆ ಎಂದೇ ತಿಳಿಯಬೇಕಾಗುತ್ತದೆ.

ಸಾಮರ್ಥ್ಯದ ವಿಚಾರವೂ ಇದಕ್ಕೆ ಪೋಷಕವಾಗಿದೆ. ಜೆರಿ ಥಾಮಸ್ ಮತ್ತು ಕ್ಯಾರೆನ್ ಫ್ರೆಂಚ್ 1985ರಲ್ಲಿ 64 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಚೆಂಡೆಸೆತದಲ್ಲಿ ಮಾತ್ರ ಎಳವೆಯಿಂದಲೇ ಹೆಚ್ಚಿನ ಅಂತರ ಕಂಡುಬಂದಿತು. ಓಟ, ಜಿಗಿತ ಮೊದಲಾದವುಗಳಲ್ಲಿ ಪ್ರೌಢಾವಸ್ಥೆಗೆ ಮುಂಚೆ ಇರುವ ಅಂತರ ಅಲ್ಪ. ಅದಕ್ಕೆ ಪರಿಸರವೇ ಮುಖ್ಯ ಕಾರಣವಾಗಿರಬಹುದೆಂಬುದು ಅವರ ಅಭಿಪ್ರಾಯ. ಆದುದರಿಂದ ಕೆಳಗಿನ ತರಗತಿಗಳಲ್ಲಿ ಎಲ್ಲ ಚಟುವಟಿಕೆಗಳನ್ನೂ ಲಿಂಗಾನುಸಾರವಾಗಿ ವಿಂಗಡಿಸುವುದಕ್ಕೆ ದೇಹಬಲದ ಆಧಾರ ಸಾಲದು.

ಮಕ್ಕಳು ತಮಗೆ ಪರಿಚಿತವಾದುದರಲ್ಲಿಯೇ ಮೆಚ್ಚಿದುದನ್ನು ಹೇಳುತ್ತಾರೆ. ಎಸೆಯುವ ಕ್ರಮವನ್ನು ಕಲಿಯದ ಹುಡುಗಿ ಚೆಂಡಾಟ ಬೇಡವೆನ್ನುವುದು ಸಹಜ. ಗೆಳೆಯರ ನಗೆಗೆ ಅಂಜುವ ಹುಡುಗ ಹಗ್ಗವನ್ನು ಮುಟ್ಟನು. ಆ ಉತ್ತರವನ್ನೇ ಪ್ರಮಾಣವೆಂದು ಭಾವಿಸಿ ಪಾಠಕ್ರಮವನ್ನು ರಚಿಸಿದರೆ, ಕೊರತೆಯೇ ನಿಯಮವಾಗಿ ನಿಲ್ಲುತ್ತದೆ. ಇದರಿಂದ ಹುಡುಗಿಗೆ ಎಸೆತದ ಕೌಶಲವೂ ಹುಡುಗನಿಗೆ ಲಯ, ಸಮತೋಲಗಳ ಅಭ್ಯಾಸವೂ ತಪ್ಪಿಹೋಗುತ್ತವೆ. ಬಾಲ್ಯದಲ್ಲಿ ಕಲಿಯದ ಚಲನೆಗಳನ್ನು ಮುಂದೆ ಕಲಿಯಲು ನಾಚಿಕೆಯೇ ಅಡ್ಡಬರುತ್ತದೆ.

ಆದಕಾರಣ ಎಸೆತ, ಹಿಡಿತ, ಜಿಗಿತ, ಲಯಬದ್ಧ ಚಲನೆ ಇವನ್ನು ಎಲ್ಲ ಮಕ್ಕಳಿಗೂ ಸಮನಾಗಿ ಕಲಿಸಿ, ಅಭ್ಯಾಸಕ್ಕೆ ಸಾಕಷ್ಟು ಅವಕಾಶವಿತ್ತು, ಅನಂತರವೇ ಅವರ ಒಲವನ್ನು ಕೇಳುವುದು ಉಚಿತ. ಆಗ ದೊರೆಯುವ ಉತ್ತರ ಬೇರೆಯಾಗಿದ್ದರೂ ಇರಬಹುದು. ಹಾಗೆಯೇ ಉಳಿದರೂ ಅದು ಮಗುವಿನ ಸ್ವಂತ ಆಯ್ಕೆ ಎನಿಸುವುದು.