ಸುಳ್ಳು ಹೇಳುವ ಮುಳ್ಳುಗಳು

ವಿಜಯಪುರ ಜಿಲ್ಲೆಯ ತಾಂಬಾದಿಂದ ಇಂಡಿಯ ಕಡೆಗೆ, ಬೇಸಗೆಯ ಒಂದು ಮಧ್ಯಾಹ್ನ, ಹಳೆಯ ಸ್ಪೋರ್ಟ್ಸ್ ಕಾರೊಂದು ಹೊರಟಿದೆಯೆಂದು ಭಾವಿಸೋಣ. ಟ್ಯಾಂಕಿಯಲ್ಲಿ ಇನ್ನೂ ಕಾಲುಭಾಗ ಪೆಟ್ರೋಲ್ ಇದೆಯೆಂದು ಮೀಟರಿನ ಮುಳ್ಳು ತೋರಿಸುತ್ತಿದೆ. ಪಕ್ಕದ ಮೀಟರಿನ ಮುಳ್ಳು ಎಂಜಿನ್ ಮಿತಿಮೀರಿ ಕಾದಿದೆಯೆಂದು ಎಚ್ಚರಿಸುತ್ತಿದೆ. ನಡುದಾರಿಯಲ್ಲಿ ಕಾರು ನಿಲ್ಲುತ್ತದೆ. ನೋಡಿದರೆ ಟ್ಯಾಂಕಿ ಬರಿದು. ರೇಡಿಯೇಟರಿನ ನೀರು ಮಾತ್ರ ಕುದಿಯುತ್ತಿಲ್ಲ. ಎರಡು ಮೀಟರುಗಳೂ ಒಂದೇ ಬಾರಿಗೆ ಕೆಟ್ಟವೆ? ಹಾಗೆ ತಿಳಿದು ಎರಡನ್ನೂ ಬದಲಾಯಿಸುವವರುಂಟು. ಆದರೆ ಹೊಸ ಮೀಟರುಗಳೂ ಅದೇ ಸುಳ್ಳನ್ನೇ ಹೇಳುತ್ತವೆ. ಇದರ ಗುಟ್ಟನ್ನು ತಿಳಿಯಬೇಕಾದರೆ ಮೀಟರು ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ಅರಿಯಬೇಕು.

ಇಂಗ್ಲೆಂಡಿನ ಟ್ರಯಂಫ್ ಸಂಸ್ಥೆಯು 1962ರಿಂದ 1980ರವರೆಗೆ ತಯಾರಿಸಿದ ಸ್ಪಿಟ್‌ಫೈರ್ ಎಂಬ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದು ಹೆರಾಲ್ಡ್ ಕಾರಿನ ಚೌಕಟ್ಟಿನಿಂದ ರೂಪುಗೊಂಡದ್ದು. ಆ ಹೆರಾಲ್ಡ್ 1961ರಿಂದ ಮದರಾಸಿನಲ್ಲಿಯೂ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡಾಡಿತ್ತು.

ಇಂತಹ ಕಾರಿನ ಪೆಟ್ರೋಲ್ ಮೀಟರಿನೊಳಗೆ ಎರಡು ಬಗೆಯ ಲೋಹಗಳನ್ನು ಬೆಸೆದು ಮಾಡಿದ ಪಟ್ಟಿಯೊಂದಿದೆ. ಅದರ ಸುತ್ತ ತೆಳ್ಳನೆಯ ತಂತಿಯನ್ನು ಸುತ್ತಿರುತ್ತಾರೆ. ತಂತಿಯಲ್ಲಿ ವಿದ್ಯುತ್ತು ಹರಿದರೆ ಪಟ್ಟಿ ಕಾಯುತ್ತದೆ. ಎರಡು ಲೋಹಗಳು ಸಮನಾಗಿ ಹಿಗ್ಗದ ಕಾರಣ ಪಟ್ಟಿ ಬಾಗಿ, ಮುಳ್ಳನ್ನು ಮೆಲ್ಲನೆ ಸರಿಸುತ್ತದೆ. ಟ್ಯಾಂಕಿಯಲ್ಲಿ ತೇಲುವ ಬುರುಡೆಯು ಮೇಲೆದ್ದಂತೆ ವಿದ್ಯುತ್ತಿನ ಹಾದಿಯಲ್ಲಿರುವ ರೋಧ ಕಡಮೆಯಾಗುತ್ತದೆ. ಪ್ರವಾಹ ಹೆಚ್ಚಿ ಮುಳ್ಳು ಏರುತ್ತದೆ. ತಾಪದ ಮೀಟರೂ ಇದೇ ಬಗೆಯದು. ಅಲ್ಲಿ ಬುರುಡೆಯ ಬದಲು, ಬಿಸಿಯೇರಿದಂತೆ ರೋಧ ಇಳಿಯುವ ಥರ್ಮಿಸ್ಟರ್ ಎಂಬ ವಸ್ತುವನ್ನು ಎಂಜಿನ್ನಿನಲ್ಲಿ ಇಟ್ಟಿರುತ್ತಾರೆ.

ಆದರೆ ಬ್ಯಾಟರಿಯ ವೋಲ್ಟೇಜು ಸ್ಥಿರವಲ್ಲ. ಎಂಜಿನ್ ನಿಂತಾಗ ಅದು ಸುಮಾರು 12. ಓಡುವಾಗ 14ರ ಸಮೀಪ. ಈ ಏರಿಳಿತ ಮುಳ್ಳನ್ನು ತಟ್ಟದಿರಲೆಂದು ಎರಡು ಮೀಟರುಗಳಿಗೂ ಸೇರಿ ಒಂದು ಪುಟ್ಟ ಸ್ಟೆಬಿಲೈಸರ್ ಇದೆ. ಅದರಲ್ಲಿಯೂ ಅಂತಹುದೇ ಜೋಡಿ ಲೋಹದ ಪಟ್ಟಿ ಇದ್ದು, ಕಾದಾಗ ಬಾಗಿ ಸಂಪರ್ಕವನ್ನು ಬಿಡಿಸುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಹೀಗೆ ಕಡಿದು ಕೂಡಿಸುತ್ತ, ಸರಾಸರಿ 10 ವೋಲ್ಟನ್ನು ಮಾತ್ರ ಮುಂದೆ ಬಿಡುತ್ತದೆ.

ಈಗ ಒಗಟು ಬಿಡಿಸುವುದು ಸುಲಭ. ಸ್ಟೆಬಿಲೈಸರಿನ ಪಟ್ಟಿಯನ್ನು ಕಾಯಿಸುವ ವಿದ್ಯುತ್ತು ಕಾರಿನ ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ಮರಳಬೇಕು. ಇದನ್ನೇ ಮೆಕ್ಯಾನಿಕ್ಕುಗಳು ಅರ್ತ್ ಎನ್ನುತ್ತಾರೆ. ತುಕ್ಕು, ಬಣ್ಣ, ಸಡಿಲ ತಿರುಪು ಇವುಗಳಿಂದ ಈ ಹಾದಿ ಕಡಿದರೆ ಪಟ್ಟಿ ಕಾಯುವುದೇ ಇಲ್ಲ, ಸಂಪರ್ಕವೂ ಬಿಡುವುದಿಲ್ಲ. ಬ್ಯಾಟರಿಯ ಪೂರ್ಣ ವೋಲ್ಟೇಜು ಎರಡು ಮೀಟರುಗಳಿಗೂ ನುಗ್ಗಿ ಎರಡು ಮುಳ್ಳುಗಳೂ ಏರುತ್ತವೆ. ಆದುದರಿಂದ ತಾಂಬಾದ ದಾರಿಯ ಕಾರಿಗೆ ಬೇಕಾದದ್ದು ಹೊಸ ಮೀಟರುಗಳಲ್ಲ. ತುಕ್ಕನ್ನು ಉಜ್ಜಿ ತೆಗೆದು ತಿರುಪನ್ನು ಬಿಗಿಮಾಡುವುದೇ ಸಾಕಾಗಬಹುದು.

ಇದರಿಂದ ಒಂದು ಕ್ರಮ ದೊರೆಯುತ್ತದೆ. ಎರಡು ಮುಳ್ಳುಗಳೂ ಏರಿದರೆ ಅರ್ತ್ ಅಥವಾ ಸ್ಟೆಬಿಲೈಸರನ್ನು ನೋಡಬೇಕು. ಎರಡೂ ಏಳದಿದ್ದರೆ ಮೊದಲು ಫ್ಯೂಜು, ಆಮೇಲೆ ಸ್ಟೆಬಿಲೈಸರು. ಒಂದೇ ಮುಳ್ಳು ತಪ್ಪಿದರೆ ದೋಷವು ಆ ಮೀಟರಿನಲ್ಲಿ, ಅದರ ತಂತಿಯಲ್ಲಿ ಅಥವಾ ತಂತಿಯ ತುದಿಯ ಉಪಕರಣದಲ್ಲಿ ಇರಬೇಕು. ಇದನ್ನು ಪರೀಕ್ಷಿಸಲು ಸ್ವಿಚ್ಚನ್ನು ಆರಿಸಿ, ಟ್ಯಾಂಕಿಯಿಂದ ಬಂದ ತಂತಿಯನ್ನು ಮೀಟರಿನ ಹಿಂದೆಯೇ ಬಿಡಿಸಿ, ಅಲ್ಲಿಂದ ಕಾರಿನ ಮೈಗೆ 68 ಓಂ ರೋಧವೊಂದನ್ನು ಜೋಡಿಸಬೇಕು. ಸ್ವಿಚ್ಚು ಹಾಕಿದಾಗ ಮುಳ್ಳು ನಡುಭಾಗದ ಹತ್ತಿರ ಬಂದರೆ ಮೀಟರು ನಿರ್ದೋಷಿ. ರೋಧವಿಲ್ಲದೆ ತಂತಿಯನ್ನು ನೇರವಾಗಿ ಮೈಗೆ ತಾಗಿಸಿ ಇಟ್ಟರೆ ಮೀಟರಿನ ಸುರುಳಿ ಸುಟ್ಟುಹೋಗಬಹುದು. ಟ್ಯಾಂಕಿಯ ಬಳಿಯಂತೂ ಒಂದು ಕಿಡಿಯೂ ಹಾರಬಾರದು. ಅಲ್ಲಿ ಕೈಯಿಡುವ ಮೊದಲು ಬ್ಯಾಟರಿಯನ್ನು ಬಿಡಿಸಲೇಬೇಕು.

ಮುಳ್ಳು ಟ್ಯಾಂಕಿಯನ್ನು ಕಾಣುವುದಿಲ್ಲ. ತನ್ನ ತಂತಿಯಲ್ಲಿ ಹರಿದ ವಿದ್ಯುತ್ತನ್ನಷ್ಟೇ ಬಲ್ಲದು. ಪ್ರಯೋಗಶಾಲೆಯ ಯಾವ ಉಪಕರಣದ ಮಾತೂ ಹೀಗೆಯೇ. ಅದು ತೋರಿಸಿದ ಅಂಕಿಯನ್ನು ನಂಬುವ ಮೊದಲು, ಆ ಅಂಕಿ ಯಾವ ಹಾದಿಯಲ್ಲಿ ಬಂದಿತೆಂದು ಕೇಳುವುದು ವಿದ್ಯಾರ್ಥಿಯ ಕರ್ತವ್ಯ.