ದಣಿದ ಇದ್ದಿಲಿಗೆ ಮರುಜೀವ

ವಿರೂಪಾಕ್ಷನ ಗುಡಿಯಲ್ಲಿ ಕಾಯಿ ಒಡೆಸಿದ ಮೇಲೆ ತಿರುಳು ನಮಗೆ, ಕರಟ ಒಲೆಗೆ. ಆದರೆ ಅದೇ ಕರಟವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರಾವಿಗೆ ಒಡ್ಡಿದರೆ, ಅದರ ಒಡಲೆಲ್ಲ ಕಣ್ಣಿಗೆ ಕಾಣದ ರಂಧ್ರಗಳಿಂದ ತುಂಬುತ್ತದೆ. ಇದೇ ಪಟುಗೊಳಿಸಿದ ಇದ್ದಿಲು. ಇದರ ಒಂದು ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹಾಸುವುದು ಸಾಧ್ಯವಾದರೆ ಸುಮಾರು 1,000 ಚದರ ಮೀಟರು, ಎಂದರೆ ಹತ್ತು ಗುಂಟೆ ನೆಲವನ್ನು ಅದು ಮುಚ್ಚೀತು!

ಇದ್ದಿಲು ದ್ರಾವಣಗಳ ಬಣ್ಣವನ್ನು ಕಳೆಯುವುದನ್ನು 1785ರಲ್ಲಿ ರಷ್ಯದಲ್ಲಿ ಲೋವಿಟ್ಸ್ ಎಂಬ ರಸಾಯನಜ್ಞನು ಕಂಡನು. ಕಶ್ಮಲದ ಅಣುಗಳು ರಂಧ್ರಗಳ ಗೋಡೆಗೆ ಅಂಟಿಕೊಳ್ಳುವ ಈ ಕ್ರಿಯೆಗೆ ಅಧಿಶೋಷಣೆಯೆಂದು ಹೆಸರು. ಗೋಡೆಗಳು ತುಂಬಿದವೆಂದರೆ ಇದ್ದಿಲು ದಣಿಯಿತು. ಅದನ್ನು ಎಸೆದರೆ ನೀರಿನ ಕಶ್ಮಲವನ್ನು ಮಣ್ಣಿಗೆ ಸಾಗಿಸಿದಂತಾಯಿತು. ಕುಲುಮೆಯಲ್ಲಿ ಕಾಯಿಸಿ ಶುದ್ಧಮಾಡಬಹುದು. ಆದರೆ ಪ್ರತಿಸಲವೂ ಇದ್ದಿಲಿನ ಒಂದಂಶ ಉರಿದುಹೋಗುತ್ತದೆ. ಬೇರೆ ದಾರಿಯುಂಟೆ?

ಹಂಪಿ ಬಜಾರಿನಲ್ಲಿ ಚೈತ್ರದ ರಥೋತ್ಸವವನ್ನು ಕಲ್ಪಿಸಿಕೊಳ್ಳಿರಿ. ಬಿಸಿಲಿಗೆ ಅಂಜಿದ ಜನ ಬೀದಿಯ ಎರಡು ಬದಿಯ ಕಲ್ಲುಮಂಟಪಗಳ ನೆರಳಿನಲ್ಲಿ ಕಿಕ್ಕಿರಿದಿದ್ದಾರೆ. ಅವರನ್ನು ಎಬ್ಬಿಸಲು ಗದರಿಸಬೇಕಿಲ್ಲ. ತೇರು ಹೊರಟರೆ ಸಾಕು, ನೆರಳಿಗಿಂತ ಹೆಚ್ಚಿನ ಆಕರ್ಷಣೆ ಬೀದಿಯಲ್ಲಿ ಉಂಟಾಗಿ ತಾವೇ ಇಳಿದುಬರುತ್ತಾರೆ. ಸಾವಯವ ದ್ರಾವಕ ಮಾಡುವ ಕೆಲಸವೂ ಇದೇ. ನೀರಿನಲ್ಲಿದ್ದ ಫೀನಾಲಿನ ಅಣುಗಳಿಗೆ ನೀರಿಗಿಂತ ಇದ್ದಿಲೇ ಹಿತ. ಆದುದರಿಂದ ಅದಕ್ಕೆ ಅಂಟಿದವು. ಆದರೆ ಮದ್ಯಸಾರದಲ್ಲಿ ಫೀನಾಲು ಸುಲಭವಾಗಿ ಕರಗುತ್ತದೆ. ದಣಿದ ಇದ್ದಿಲಿನ ಮೂಲಕ ಮದ್ಯಸಾರವನ್ನು ಹರಿಸಿದರೆ ಅಣುಗಳು ಗೋಡೆಯನ್ನು ಬಿಟ್ಟು ಅದರೊಡನೆ ಹೊರಡುತ್ತವೆ. ರಂಧ್ರಗಳಲ್ಲಿ ಉಳಿದ ಮದ್ಯಸಾರವನ್ನು ನೀರಾವಿ ಹಾಯಿಸಿ ಹೊರದೂಡುತ್ತಾರೆ.

ಕಶ್ಮಲ ಇನ್ನೂ ನಾಶವಾಗಿಲ್ಲ, ಮದ್ಯಸಾರಕ್ಕೆ ವರ್ಗವಾಗಿದೆ ಅಷ್ಟೆ. ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ, ಫೀನಾಲು 182ರಲ್ಲಿ. ಆದುದರಿಂದ ಬಟ್ಟಿ ಇಳಿಸಿ ಎರಡನ್ನೂ ಬೇರ್ಪಡಿಸಬಹುದು. ಮದ್ಯಸಾರ ಮತ್ತೆ ಕೆಲಸಕ್ಕೆ ಬರುತ್ತದೆ. ಫೀನಾಲು ಅಲ್ಪ ಗಾತ್ರದಲ್ಲಿ ಕೈಗೆ ಸಿಕ್ಕುತ್ತದೆ.

ಹಾಗಾದರೆ ಇದ್ದಿಲು ಪೂರ್ತಿ ಹೊಸದಾಯಿತೆ? ಇಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕದ ನೆರವಿನಿಂದ ಕೆಲವು ಫೀನಾಲ್ ಅಣುಗಳು ಇದ್ದಿಲಿನ ಮೇಲೆಯೇ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ತೇರು ಕರೆದರೂ ಅವು ಏಳವು. ಮದ್ಯಸಾರದ ಆವಿಗೆ ಬೆಂಕಿ ಹತ್ತುವ ಭಯವೂ ಉಂಟು. ಆದುದರಿಂದ ಮನೆಯ ನೀರಿನ ಶೋಧಕದ ಮೇಲೆ ಯಾರೂ ಇದನ್ನು ಪ್ರಯೋಗಿಸಬಾರದು. ಕಾರ್ಖಾನೆಗಳಲ್ಲಿಯಾದರೋ, ಉಳಿಯುವ ಇದ್ದಿಲಿನ ಬೆಲೆಯನ್ನೂ ಬಟ್ಟಿ ಇಳಿಸುವ ಖರ್ಚನ್ನೂ ತೂಗಿನೋಡಿಯೇ ದಾರಿಯನ್ನು ಆರಿಸಬೇಕು.